ಟವರ್ ಇದೆ, ಕೋಣೆ ಇಲ್ಲ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆದ ಬಾಗಿಲು ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚಿತೆಂದರೆ ಮತ್ತೆ ಮುಂದಿನ ವರ್ಷವೇ. ಜಾತ್ರೆ ಚದುರಿದ ಮೇಲೆ ಹುಂಡಿ ಎಣಿಕೆ. ನೋಟು, ಚಿಲ್ಲರೆ, ಚಿನ್ನ ಬೆಳ್ಳಿಯ ನಡುವೆ ಮಡಿಸಿದ ಚೀಟಿಗಳೂ ಸಿಗುತ್ತವೆ. ಪರೀಕ್ಷೆ, ಪ್ರೀತಿ, ಮದುವೆ, ಕೆಲಸ, ಮನೆಯೊಳಗಿನ ಜಗಳ, ಎಲ್ಲವೂ ಅದರಲ್ಲಿರುತ್ತವೆ. ಮಾರನೇ ದಿನದ ಪತ್ರಿಕೆಗೆ, ಟಿ.ವಿ.ಗೆ ಅದೊಂದು ತಮಾಷೆಯ ಸುದ್ದಿ.

ನನಗೆ ಅದು ತಮಾಷೆ ಅನ್ನಿಸಿದ್ದಿಲ್ಲ. ಹಾಸನದವರು ಒಳಗಿನದನ್ನು ಬಾಯಿಬಿಟ್ಟು ಹೇಳುವವರಲ್ಲ ಎಂಬ ಮಾತಿದೆಯಲ್ಲ, ಆ ಮಾತಿಗೆ ಈ ಚೀಟಿಗಳೇ ಉತ್ತರ. ಹೇಳಲು ಅವರಿಗೆ ಬರುತ್ತದೆ. ಕೇಳಿಸಿಕೊಳ್ಳುವವರು ಊರಿನವರಾಗಿರಬಾರದು, ಯಾರ ಮಗಳು, ಯಾವ ಬೀದಿ ಎಂದು ಕೇಳಬಾರದು, ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು, ಅಷ್ಟೆ. ದೇವಿಗೆ ಈ ಮೂರೂ ಗುಣಗಳಿವೆ. ಒಂದೇ ಕೊರತೆ, ಅವಳು ತಿರುಗಿ ಉತ್ತರ ಬರೆಯುವುದಿಲ್ಲ.

ಉತ್ತರ ಕೊಡುವವರು ಈಗ ಮೊಬೈಲಿನಲ್ಲಿ ಸಿಗುತ್ತಾರೆ. ಆನ್‌ಲೈನ್ ಥೆರಪಿ, ಆನ್‌ಲೈನ್ ಕೌನ್ಸೆಲಿಂಗ್, ಆಪ್ತಸಮಾಲೋಚನೆ ಎಂದು ನಾನಾ ಹೆಸರು. ಅದರ ಜಾಹೀರಾತಿನಲ್ಲಿ ಕಾಣುವವರು ಹೆಚ್ಚಾಗಿ ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾಫಿ ಮಗ್ ಹಿಡಿದು ಕೂತ ಇಪ್ಪತ್ತೈದರ ಹುಡುಗಿಯರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಮೂವತ್ತೈದು ನಲವತ್ತೈದರ ನಡುವೆ ಇರುವ, ಹುಚ್ಚೂ ಇಲ್ಲದ, ನೆಮ್ಮದಿಯೂ ಇಲ್ಲದ ಗಂಡಸು ಹೆಂಗಸರಿಗೆ ಅದರಿಂದ ಏನು ಪ್ರಯೋಜನ ಎಂಬುದು ಈ ಲೇಖನದ ಪ್ರಶ್ನೆ. ಅವರಿಗೆ ಬೇಕಿರುವುದು ಮನಸ್ಸಿನ ಆಳದ ಶೋಧನೆಯಲ್ಲ. ಕುಡಿತ ಕಡಿಮೆಯಾಗಬೇಕು, ರಾತ್ರಿ ನಿದ್ದೆ ಬರಬೇಕು, ಅಣ್ಣನ ಹತ್ತಿರ ಪಾಲಿನ ಮಾತು ಜಗಳವಿಲ್ಲದೆ ಎತ್ತಬೇಕು, ಬೇಡದ ಕೆಲಸ ಬಿಡಬೇಕು ಅಥವಾ ಬಿಡದೆ ಬದುಕುವುದನ್ನು ಕಲಿಯಬೇಕು.

ಈ ಪ್ರಶ್ನೆ 2025ರ ಮೇ–ಜೂನ್‌ನಲ್ಲಿ ಹಾಸನದಲ್ಲಿ ಬೇರೆ ರೂಪದಲ್ಲಿ ಎದ್ದು ನಿಂತಿತ್ತು. ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ದಿನವೂ ಬಂತು, ಸತ್ತವರಲ್ಲಿ ಎಳೆಯರೂ ಇದ್ದರು. ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲು, ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲೂ ಹಾಸನದವರ ನೂಕುನುಗ್ಗಲು. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿರಲೇ ಇಲ್ಲ. ಸಾವು ಅಸಹಜವಾಗಿ ಏರಿಲ್ಲ, ಹೊಗೆ, ಕುಡಿತ, ಸಕ್ಕರೆ, ಬಿ.ಪಿ.ಯಂಥ ಹಳೆಯ ಕಾರಣಗಳೇ ಎಂದು ವರದಿ ಹೇಳಿತು. ಹೃದಯದ ಲೆಕ್ಕ ಅಲ್ಲಿಗೆ ಮುಗಿಯಿತು. ಇಸಿಜಿ ನಾರ್ಮಲ್ ಎಂದು ಕಾಗದ ಹಿಡಿದು ಮನೆಗೆ ಬಂದವರು ಆ ರಾತ್ರಿ ನಿದ್ದೆ ಮಾಡಿದರೇ ಎಂಬ ಲೆಕ್ಕವನ್ನು ಯಾವ ಸಮಿತಿಗೂ ಒಪ್ಪಿಸಿರಲಿಲ್ಲ.

ಆ ಸಾಲುಗಳಲ್ಲಿ ನಿಂತವರ ಮಾತು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ಎದೆ ಡವಡವ ಅಂತದೆ, ಉಸಿರು ಕಟ್ಟಿದಂಗಾಗ್ತದೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡ ಕುಡಿದೆ. ಗ್ಯಾಸ್ಟ್ರಿಕ್ ಎಂಬುದು ಹಳೇ ಮೈಸೂರಿನ ದೊಡ್ಡ ಮನೋರೋಗ ಎಂದರೆ ವೈದ್ಯರು ನಗಬಹುದು, ಆದರೆ ಆತಂಕಕ್ಕೆ ಮರ್ಯಾದಸ್ತ ಹೆಸರು ಬೇಕಾದಾಗ ಜನ ಕೊಟ್ಟಿರುವುದು ಅದನ್ನೇ. ಹೊಟ್ಟೆಯ ಕಾಯಿಲೆಗೆ ಯಾರೂ ಹೆಣ್ಣು ಕೊಡದೆ ಇರುವುದಿಲ್ಲ.

ಹೆಣ್ಣಿನ ಮಾತು ಬಂದದ್ದರಿಂದ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಮೊರೆ ಅವರದು. ಅದಕ್ಕೂ ಜನ ನಕ್ಕರು. ನಕ್ಕವರ ಮನೆಯಲ್ಲೇ ಮೂವತ್ತೆಂಟು ದಾಟಿದ ಮಗ ಒಬ್ಬ ಇರುತ್ತಾನೆ, ಎಮ್ಮೆ ಹಸು ನೋಡಿಕೊಂಡು, ಡೇರಿಗೆ ಹಾಲು ಹಾಕಿಕೊಂಡು, ಸಂಜೆಗೆ ಬಾರಿಗೆ ಹೋಗಿಕೊಂಡು. ಅವನಿಗೆ ಏನು ಹೆಸರಿಡೋಣ? ಖಿನ್ನತೆಯೇ? ಅವನನ್ನು ಕೇಳಿದರೆ ಬೇಜಾರು ಅನ್ನುತ್ತಾನೆ. ಇನ್ನು ಹಾಸನ ಸೀಮೆಯ ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ಜೋಳ, ಶುಂಠಿಗೆ ಹೊರಳಿದವರು, ಶುಂಠಿಯ ಜೂಜಿನಲ್ಲಿ ಒಂದು ವರ್ಷ ಕಾರು ಕೊಂಡು ಮರುವರ್ಷ ಮಾರಿದವರು. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೆಲೆಗೆ ಕಾದು ನಿಲ್ಲುವ ಅರಕಲಗೂಡಿನವರು. 2023ರಲ್ಲಿ ಕೊಬ್ಬರಿ ಬೆಲೆ ಕುಸಿದಾಗ ಬೀದಿಗಿಳಿದ ಚನ್ನರಾಯಪಟ್ಟಣದ ತೆಂಗಿನವರು. ಇವರ ಕಷ್ಟದಲ್ಲಿ ಬೆಲೆ ಎಷ್ಟು, ಮನಸ್ಸು ಎಷ್ಟು ಎಂದು ಬೇರ್ಪಡಿಸುವುದು ಹಾಲಿನಿಂದ ನೀರು ತೆಗೆದಷ್ಟೇ ಸುಲಭ.

ಇವರಿಗಾಗಿ ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರದ್ದು. ಅದರ ಜಿಲ್ಲಾ ರೂಪಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ಹಾಸನದಲ್ಲಿ 2006ರಿಂದ ವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಎಂಬ ಯೋಜನೆ ತಂದಿತು: ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ, ಇಂಗ್ಲಿಷಿನಲ್ಲಿ ಸೂಪರ್ ಟ್ಯೂಸ್‌ಡೇ ಎಂಬ ಭರ್ಜರಿ ಹೆಸರು. ಒಳ್ಳೆಯ ಯೋಜನೆ, ನಿಜಕ್ಕೂ. ತೀವ್ರ ಕಾಯಿಲೆಯವರಿಗೆ ಮಾತ್ರೆ ಊರಿನ ಹತ್ತಿರವೇ ಸಿಕ್ಕಿತು. ಆದರೆ ಮಂಗಳವಾರದ ಬೆಂಚನ್ನು ನೋಡಿದವರಿಗೆ ಅದರ ತೊಂದರೆಯೂ ಗೊತ್ತು. ಪಕ್ಕದ ಬಾಗಿಲಲ್ಲಿ ಬಿ.ಪಿ. ಮಾತ್ರೆಗೆ ನಿಂತವನು ಸೋದರಮಾವನ ಬೀಗ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮತ್ತೆ, ಆ ಸಾಲಿನ ಗತಿಯಲ್ಲಿ ಒಬ್ಬರಿಗೆ ಸಿಗುವ ಸಮಯದಲ್ಲಿ ಅಣ್ಣತಮ್ಮಂದಿರ ಪಾಲಿನ ಕತೆ ಅರ್ಧವೂ ಹೇಳಿ ಮುಗಿಯುವುದಿಲ್ಲ. ವೈದ್ಯರು ಚೀಟಿ ಬರೆಯುತ್ತಾರೆ. ಇನ್ನೇನು ಮಾಡಿಯಾರು? ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರೂ ಮನೋವೈದ್ಯರಿಲ್ಲ, ಲೆಕ್ಕ 0.75ರ ಹತ್ತಿರ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ಕೇಳಿ ನೋಡಿತು. ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆಗ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ನೂರಕ್ಕೆ ಎಂಬತ್ತೈದು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ, ಹಾಗೆಂದು ಇಲ್ಲಿ ಚಿತ್ರ ಬೇರೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಅಪರಾಧ ದಾಖಲೆ ಬ್ಯೂರೊ 2022ಕ್ಕೆ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಲೆಕ್ಕ ಹಾಕಿತು. ಕಾರಣಗಳಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ನೂರಕ್ಕೆ 31.7. ಪೊಲೀಸರು ಬರೆದುಕೊಂಡ ಕಾರಣ ಅದು, ಪೂರ್ತಿ ನಂಬಬೇಕಿಲ್ಲ. ಆದರೂ ಮನೆಯೊಳಗಿನ ಮಾತು ಸರಿಯಾದ ಹೊತ್ತಿನಲ್ಲಿ ಒಂದು ಕಿವಿಗೆ ಬಿದ್ದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಕಿವಿಯ ಏರ್ಪಾಡಿನಲ್ಲಿ ದೊಡ್ಡ ಹೆಜ್ಜೆ ಎಂದರೆ ಟೆಲಿ ಮನಸ್. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತು. ಮೊದಲು ತರಬೇತಾದ ಸಮಾಲೋಚಕರು ಕೇಳುತ್ತಾರೆ, ಬೇಕಾದರೆ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ದಾಟಿಸುತ್ತಾರೆ. ರಾಷ್ಟ್ರಮಟ್ಟದ ಉಸ್ತುವಾರಿ ನಿಮ್ಹಾನ್ಸ್‌ನದು, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಎರಡೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕರೆ ಬಂದವು. 2024ರಲ್ಲಿ ವಿಡಿಯೋ ಸಮಾಲೋಚನೆಯನ್ನು ಮೊದಲು ಪ್ರಯೋಗಕ್ಕಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಹಾಯವಾಣಿಯ ಮಿತಿ ಅದರ ಹೆಸರಿನಲ್ಲೇ ಇದೆ. ಕರೆ ಮಾಡಿದ ಹೊತ್ತಿನ ಉರಿ ಆರಿಸುವುದು ಅದರ ಮುಖ್ಯ ಕೆಲಸ. ಬದುಕಿನ ಒಂದು ರೂಢಿಯನ್ನು ಬದಲಿಸಲು ಆರೆಂಟು ವಾರ ಅದೇ ಮನುಷ್ಯನ ಜೊತೆ ಮಾತು ಮುಂದುವರಿಯಬೇಕು. ಥೆರಪಿ ಎಂಬ ಪದಕ್ಕೆ ಅರ್ಥ ಬರುವುದು ಆ ಮುಂದುವರಿಕೆಯಲ್ಲಿ.

ಹಾಗೆ ಆರೆಂಟು ವಾರ ಮಾತಾಡಿದರೆ ನಿಜಕ್ಕೂ ಏನಾದರೂ ಆಗುತ್ತದೆಯೇ? ಇದಕ್ಕೆ ದೂರ ಹೋಗಬೇಕಿಲ್ಲ, ಗೋವಾದಲ್ಲಿ ಉತ್ತರವಿದೆ. ವಿಕ್ರಮ್ ಪಟೇಲ್ ಅವರ ಸಂಗಾತ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿತು, ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯ 2017ರ ಸಂಚಿಕೆಯಲ್ಲಿ ಬಂತು. ತೀವ್ರ ಖಿನ್ನತೆಯವರಿಗೆ ಸಮಾಲೋಚನೆ ಮಾಡಿದವರು ಮನೋವೈದ್ಯರಲ್ಲ, ಮನಶ್ಶಾಸ್ತ್ರದ ಪದವೀಧರರೂ ಅಲ್ಲ, ಕೆಲವು ವಾರ ತರಬೇತಿ ಪಡೆದ ಊರಿನ ಸಾಮಾನ್ಯರು. ಆರರಿಂದ ಎಂಟು ಭೇಟಿ. ಮೂರು ತಿಂಗಳ ಹೊತ್ತಿಗೆ ಸಮಾಲೋಚನೆ ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಉಪಚಾರದವರಲ್ಲಿ 39. ಅವರು ಬಳಸಿದ ವಿಧಾನ ಕೇಳಿದರೆ ನಮ್ಮ ಅಜ್ಜಿಯರು ಇಷ್ಟೇನಾ ಎಂದಾರು: ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು, ಹಿಡಿದಾಗ ಹೇಗಾಯಿತೆಂದು ಗಮನಿಸುವುದು.

ಹೊಳೆನರಸೀಪುರದ ಕಡೆಯ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಶುಂಠಿಯಲ್ಲಿ ಕಳೆದುಕೊಂಡಿದ್ದಾನೆ, ಸಾಲ ಕೊಟ್ಟವರು ಸಿಗುತ್ತಾರೆಂದು ಟೌನಿಗೆ ಹೋಗುವುದು ಬಿಟ್ಟಿದ್ದಾನೆ, ಮೊದಲು ವಾಲಿಬಾಲ್ ಆಡುತ್ತಿದ್ದವನು ಅದನ್ನೂ ಬಿಟ್ಟ, ಮದುವೆ ಮುಂಜಿಗೆ ಹೆಂಡತಿಯನ್ನೇ ಕಳಿಸುತ್ತಾನೆ. ಮನಸ್ಸು ಸರಿಹೋಗಲಿ, ಆಮೇಲೆ ಹೋಗ್ತೀನಿ ಅನ್ನುವುದು ಅವನ ವಾದ. ಸಮಾಲೋಚಕಿ ಈ ವಾದವನ್ನು ಮೆಲ್ಲಗೆ ತಿರುಗಿಸುತ್ತಾಳೆ: ಮೊದಲು ಹೋಗಿ, ಮನಸ್ಸು ಹಿಂದಿನಿಂದ ಬರುತ್ತದೆ. ಮೊದಲ ವಾರ ಬೆಳಿಗ್ಗೆ ಹಾಲು ಹಾಕಲು ಮಗನ ಬದಲು ತಾನೇ ಡೇರಿಗೆ ಹೋಗುವುದು, ಅಷ್ಟೇ. ಎರಡನೇ ವಾರ ಸಾಲ ಎಷ್ಟು, ಯಾರಿಗೆ, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯುವುದು. ತಲೆಯಲ್ಲಿದ್ದಾಗ ಆ ಸಾಲಕ್ಕೆ ಕೊನೆಯೇ ಇರಲಿಲ್ಲ, ಹಾಳೆಯ ಮೇಲೆ ಅದಕ್ಕೊಂದು ಮೊತ್ತ ಬರುತ್ತದೆ. ಮೂರನೇ ವಾರ ಸಾಲ ಕೊಟ್ಟವರಲ್ಲಿ ಒಬ್ಬರನ್ನು, ಎಲ್ಲರಿಗಿಂತ ಒಳ್ಳೆಯವರನ್ನು, ತಾನಾಗಿ ಹೋಗಿ ಕಾಣುವುದು. ಇದರಲ್ಲಿ ಬಾಲ್ಯದ ಗಾಯ, ಸುಪ್ತಮನಸ್ಸು ಯಾವುದೂ ಇಲ್ಲ. ಹಾಗೆಂದು ಇದು ಬರೀ ಉಪದೇಶವೂ ಅಲ್ಲ. ಹೋಗೋ, ಸುಮ್ನೆ ಕೂರಬೇಡ ಎಂದು ಅವನಿಗೆ ಊರೆಲ್ಲ ಹೇಳಿಯಾಗಿದೆ. ಹೋಗದೆ ಇದ್ದಾಗ ಏನು ಅಡ್ಡ ಬಂತು ಎಂದು ಬೈಯದೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಗೋವಾದಲ್ಲಿ ನಡೆದದ್ದು ಎದುರುಬದುರು ಕೂತು. ಪರದೆಯ ಮೂಲಕ ಇದೇ ಕೆಲಸ ನಡೆಯುತ್ತದೆಯೇ ಎಂಬುದಕ್ಕೆ ಹೆಚ್ಚು ಪುರಾವೆ ಇರುವುದು ಸ್ವೀಡನ್, ಆಸ್ಟ್ರೇಲಿಯಾಗಳಲ್ಲಿ. ಸ್ವೀಡನ್ನಿನ ಗೆರ್ಹಾರ್ಡ್ ಆಂಡರ್ಸನ್ ಮತ್ತು ಜೊತೆಗಾರರು ಇಪ್ಪತ್ತು ವರ್ಷಗಳಿಗೂ ಮೀರಿ ಇದನ್ನೇ ಅಳೆದಿದ್ದಾರೆ. ಆಸ್ಟ್ರೇಲಿಯಾದಲ್ಲಿ 2012ರಿಂದ ಮೈಂಡ್‌ಸ್ಪಾಟ್ ಎಂಬ ಸಾರ್ವಜನಿಕ ಆನ್‌ಲೈನ್ ಕ್ಲಿನಿಕ್ಕೇ ಇದೆ. ಇವುಗಳಿಂದ ಬಂದ ತಿಳಿವಳಿಕೆಯಲ್ಲಿ ನಮಗೆ ಬೇಕಾದದ್ದು ಒಂದು. ಪಾಠ, ಅಭ್ಯಾಸಗಳು ಪರದೆಯ ಮೇಲಿದ್ದು ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯ ವಿಚಾರಿಸುತ್ತಿದ್ದರೆ, ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ, ಆತಂಕಗಳಲ್ಲಿ ಫಲ ಮುಖಾಮುಖಿ ಚಿಕಿತ್ಸೆಗೆ ಹೆಚ್ಚುಕಮ್ಮಿ ಸಮ. ವಿಚಾರಿಸುವವರಿಲ್ಲದೆ ಬರೀ ಆ್ಯಪ್ ಕೊಟ್ಟು ಬಿಟ್ಟರೆ ಜನ ನಡುವೆಯೇ ಕೈಬಿಡುತ್ತಾರೆ. ಯೋಗದ ಕ್ಯಾಸೆಟ್ ತಂದಿಟ್ಟುಕೊಂಡ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ನಮ್ಮೂರಿನ ಮಾತು. ಹಾಸನಕ್ಕೆ ಹೊಳೆನರಸೀಪುರ, ಅರಕಲಗೂಡು ಮೂವತ್ತು ಚಿಲ್ಲರೆ ಕಿಲೋಮೀಟರ್, ಚನ್ನರಾಯಪಟ್ಟಣ ನಲವತ್ತರ ಹತ್ತಿರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಹಾಗಾಗಿ ಬಸ್ ಚಾರ್ಜ್ ಉಳಿಯುವುದೇ ಆನ್‌ಲೈನಿನ ಲಾಭ ಎಂದು ಹೇಳುವಂತಿಲ್ಲ. ಉಳಿಯುವುದು ಅರ್ಧ ದಿನ, ಮತ್ತು ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಕೊಡಬೇಕಾದ ಸುಳ್ಳು. ಆಮೇಲಿನದು ದೊಡ್ಡ ಉಳಿತಾಯ.

ಆದರೆ ಬಸ್ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡ ಕಣ್ಣುಗಳು ಮನೆಯಲ್ಲಿ ಕಾದಿರುತ್ತವೆ. ಆನ್‌ಲೈನ್ ಥೆರಪಿಯನ್ನು ರೂಪಿಸಿದವರು ಒಂದು ವಸ್ತುವನ್ನು ಕೇಳದೆಯೇ ಇದೆ ಎಂದುಕೊಂಡಿದ್ದಾರೆ: ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ನಮ್ಮ ಮನೆಗಳಲ್ಲಿ ಚಿಲಕ ಬಚ್ಚಲಿಗೆ, ದೇವರ ಮನೆಗೆ, ಹೊಸದಾಗಿ ಮದುವೆಯಾದವರ ರೂಮಿಗೆ. ನಲವತ್ತರ ಹೆಂಗಸು ಹಗಲು ಹೊತ್ತು ಐವತ್ತು ನಿಮಿಷ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ಅತ್ತೆ ಏನೆಂದುಕೊಂಡಾರು ಎಂಬುದನ್ನು ಬಿಡಿಸಿ ಹೇಳಬೇಕೇ? ಫೋನೂ ಅವಳದೇ ಆಗಿರಬೇಕೆಂದಿಲ್ಲ. ಇದ್ದರೂ ಕಾಲ್ ಲಿಸ್ಟ್ ಗಂಡ ನೋಡುತ್ತಾನೆ, ಮಗ ಗೇಮ್ ಆಡುವಾಗ ಆ್ಯಪ್‌ನ ನೋಟಿಫಿಕೇಷನ್ ಮೇಲೆ ಬರುತ್ತದೆ. ಹೊಡೆತ ಬಡಿತ ಇರುವ ಮನೆಯಲ್ಲಿ ಇದು ಅಪಾಯವೇ. ಅಂಥವರಿಗೆ ಮಹಿಳಾ ಸಹಾಯವಾಣಿ 181 ಇದೆ, ರಾಜ್ಯ 2000–01ರಲ್ಲಿ ಶುರುಮಾಡಿದ ಸಾಂತ್ವನ ಕೇಂದ್ರಗಳಿವೆ. ಮನಸ್ಸಿಗೆ ಮೊದಲು ಆ ಮನೆಯಿಂದ ಮೈಯನ್ನು ಉಳಿಸಿಕೊಳ್ಳುವ ದಾರಿ ಬೇಕು.

ಗಂಡಸರಿಗೆ ತೋಟವಿದೆ. ಬೈಕು ಹತ್ತಿ ಬದುವಿಗೆ ಹೋಗಿ ತೆಂಗಿನ ಬುಡದಲ್ಲಿ ಕೂತರೆ ಅದೇ ಕೋಣೆ. ಮೋಟಾರು ಹಾಕಲು ಹೋದ ಎಂದುಕೊಳ್ಳುತ್ತಾರೆ. ಅಲ್ಲಿ ವಿಡಿಯೋ ಓಡುವಷ್ಟು ನೆಟ್‌ವರ್ಕ್ ಇಲ್ಲದಿದ್ದರೂ ಮಾತಿಗೆ ಸಾಕು. ಮಾತಾದರೇ ವಾಸಿ ಎಂದು ನಾನು ಹೇಳುತ್ತೇನೆ. ಮುಖ ನೋಡಿಕೊಂಡು ಹೇಳಲಾಗದ್ದನ್ನು ನೆಲ ನೋಡಿಕೊಂಡು ಹೇಳುವ ಜನ ನಾವು. ವಿಡಿಯೋ ಎಂದರೆ ಶರ್ಟು ಬದಲಿಸಬೇಕು, ಹಿಂದಿನ ಗೋಡೆ ನೋಡಿಕೊಳ್ಳಬೇಕು, ಪರದೆಯ ಮೂಲೆಯಲ್ಲಿ ನಮ್ಮದೇ ಸಪ್ಪೆ ಮೋರೆ ನೋಡುತ್ತ ಅಳಬೇಕು. ಮುಖ ಕಂಡರೆ ಚಿಕಿತ್ಸಕರಿಗೆ ಅನುಕೂಲವೆಂಬುದು ನಿಜ, ಕಾಯಿಲೆ ಗಂಭೀರವಿದ್ದರೆ ಕಾಣಲೇಬೇಕು. ಉಳಿದಂತೆ, ಹಳೆಯ ಟೆಲಿಫೋನೇ ಸಾಕಾಗುವಲ್ಲಿ ಹೊಸದನ್ನು ತುರುಕುವ ಚಾಳಿ ಆ್ಯಪ್‌ನವರದು.

ಮುಖ ಕಾಣದ ಸಮಾಲೋಚನೆ ಕನ್ನಡಕ್ಕೆ ಹೊಸದೂ ಅಲ್ಲ. ಹಾಸ್ಯಪತ್ರಿಕೆ ಕೊರವಂಜಿಯನ್ನು ಕಟ್ಟಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಶಿವಮೊಗ್ಗದ ಡಾ. ಅಶೋಕ್ ಪೈ ಮನೋವೈದ್ಯವನ್ನು ಕತೆಗೂ ಸಿನಿಮಾಕ್ಕೂ ತಂದರು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆದರು. ಹೆಸರು ಊರು ಬೇಡ ಎಂದು ಕೊನೆಗೆ ಬರೆದ ಆ ಪತ್ರಗಳು ಹಾಸನಾಂಬೆಯ ಚೀಟಿಗಳ ಒಡಹುಟ್ಟುಗಳೇ, ಉತ್ತರ ಸಿಕ್ಕ ಚೀಟಿಗಳು. ಯಾರದ್ದೋ ಪ್ರಶ್ನೆಗೆ ಬಂದ ಉತ್ತರವನ್ನು ತಮಗೇ ಎಂದು ಓದಿಕೊಂಡು ಕತ್ತರಿಸಿ ಇಟ್ಟುಕೊಂಡವರು ಎಷ್ಟು ಮನೆಗಳಲ್ಲಿಲ್ಲ!

ಆ ತಲೆಮಾರು ಕಟ್ಟಿದ ಭಾಷೆ ಇವತ್ತಿನ ಆನ್‌ಲೈನ್ ಥೆರಪಿಗೆ ದಾಟಿಲ್ಲ. ಖಾಸಗಿ ವೇದಿಕೆಗಳಲ್ಲಿ ಕನ್ನಡ ಎಂದು ಗುರುತು ಹಾಕಿ ಹುಡುಕಿದರೆ ಸಿಗುವವರೇ ಕೆಲವರು. ಸಿಕ್ಕವರೂ ಕಲಿತದ್ದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಬರೆದು ತನ್ನಿ ಎಂದು ಕಳಿಸುವ ಹಾಳೆಯೂ ಇಂಗ್ಲಿಷಿನದು. ಅನುವಾದಿಸಿದರೂ ಒಂದು ತೊಡಕು ಉಳಿಯುತ್ತದೆ. ಇಂದು ಹೆಚ್ಚು ಚಾಲ್ತಿಯಲ್ಲಿರುವ ಸಿಬಿಟಿ ಎಂಬ ಪದ್ಧತಿ ಯೋಚನೆ ಬೇರೆ, ಭಾವನೆ ಬೇರೆ ಎಂದು ಎರಡು ಕಾಲಂ ಹಾಕಿ ಬರೆಯಿರಿ ಅನ್ನುತ್ತದೆ. ನಮ್ಮ ಕಡೆ ಯೋಚನೆ ಎಂದರೇ ಚಿಂತೆ. ಯೋಚನೆ ಮಾಡಬೇಡ ಕಣವ್ವ ಎಂದರೆ ಬುದ್ಧಿ ಓಡಿಸಬೇಡ ಎಂದಲ್ಲ, ದುಗುಡಪಡಬೇಡ ಎಂದು. ಅವಳಿಗೆ ಭಾರಿ ಯೋಚನೆ ಹತ್ತಿಬಿಟ್ಟದೆ ಎಂದರೆ ಅದು ವಿಚಾರವಂತಿಕೆಯ ಹೊಗಳಿಕೆ ಅಲ್ಲ. ಒಂದೇ ಪದದಲ್ಲಿ ಎರಡೂ ಕಾಲಂ ಇರುವವರ ಮುಂದೆ ಆ ಹಾಳೆ ಇಟ್ಟರೆ ಅವರು ಗೊಂದಲಕ್ಕೆ ಬೀಳುತ್ತಾರೆ, ನನಗೆ ಓದು ಬರಾಕಿಲ್ಲ ಎಂದು ಸುಮ್ಮನಾಗುತ್ತಾರೆ. ಒಳ್ಳೆಯ ಸಮಾಲೋಚಕ ಹಾಳೆ ಬಿಟ್ಟು, ಆವಾಗ ಮನಸಿನೊಳಗೆ ಏನಂತ ಮಾತು ಬಂತು, ಮೈಗೆ ಹೆಂಗಾಯ್ತು ಎಂದು ಕೇಳುತ್ತಾನೆ. ಅಷ್ಟು ಬದಲಾದರೆ ಕೆಲಸ ನಡೆಯುತ್ತದೆ. ಅಷ್ಟು ಬದಲಿಸಲು ಹಾಸನದ ಕನ್ನಡ ಕಿವಿಯಲ್ಲಿರಬೇಕು, ಬರೀ ಕನ್ನಡ ಬಂದರೆ ಸಾಲದು.

ಅಂದಹಾಗೆ, ಕೌನ್ಸೆಲಿಂಗ್‌ಗೆ ಕನ್ನಡದವರು ಟಂಕಿಸಿದ ಆಪ್ತಸಮಾಲೋಚನೆ ಎಂಬ ಪದದಲ್ಲಿ ಇಂಗ್ಲಿಷಿನಲ್ಲಿ ಇಲ್ಲದ ಆಪ್ತ ಬಂದು ಸೇರಿಕೊಂಡಿದೆ. ಯಾರು ಸೇರಿಸಿದರೋ, ಜನರನ್ನು ಬಲ್ಲವರು.

ದುಡ್ಡಿನ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಲೆಕ್ಕ ಸರಳ. ಖಾಸಗಿಯಲ್ಲಿ ಐವತ್ತು ನಿಮಿಷದ ಒಂದು ಮಾತುಕತೆಗೆ ಸಾಮಾನ್ಯವಾಗಿ ಎಂಟುನೂರರಿಂದ ಎರಡು ಸಾವಿರ ರೂಪಾಯಿ. ಕರ್ನಾಟಕದಲ್ಲಿ 2025–26ಕ್ಕೆ ಗೊತ್ತುಮಾಡಿದ ನರೇಗಾ ದಿನಗೂಲಿ 370. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆನ್ನುತ್ತದೆ. ಆದರೆ ಆಸ್ಪತ್ರೆಗೆ ದಾಖಲಾಗದೆ ಮಾತಾಡಿ ಬಂದದ್ದಕ್ಕೆ ವಿಮೆ ಸಿಗುವುದು ಅಪರೂಪ.

ಆ ಎಂಟುನೂರಕ್ಕೆ ಆ ಕಡೆ ಕೂತವರು ಯಾರು ಎಂಬುದು ದುಡ್ಡಿಗಿಂತ ದೊಡ್ಡ ಪ್ರಶ್ನೆ. ಮನೋವೈದ್ಯ ಎಂದರೆ ಎಂಬಿಬಿಎಸ್ ಆದಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲವರು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದಿಂದ ಏನು ಬರೆಯಬಹುದು, ಏನು ಬರೆಯಬಾರದು ಎಂದು ಅವರಿಗೆ ಗೆರೆ ಎಳೆದಿದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ನೋಂದಣಿ ಸಂಖ್ಯೆಯನ್ನು ಕೇಳುವುದು ನಿಮ್ಮ ಹಕ್ಕು. ಕೌನ್ಸೆಲರ್ ಎಂಬ ಹೆಸರಿಗೆ ಮಾತ್ರ ಅಂಥ ಗಟ್ಟಿ ಬೇಲಿಯಿಲ್ಲ. ಎಂ.ಎಸ್ಸಿ. ಓದಿ ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಪಳಗಿದವರೂ ಕೌನ್ಸೆಲರ್, ವಾರಾಂತ್ಯದ ಕೋರ್ಸ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಲೈಫ್ ಕೋಚ್ ಆದವರೂ ಕೌನ್ಸೆಲರ್. 2021ರ ಕಾಯ್ದೆಯೊಂದು ಈ ವೃತ್ತಿಗಳನ್ನೂ ಹಿಡಿತಕ್ಕೆ ತರಹೊರಟಿದೆ. ಅದು ತಾಲ್ಲೂಕು ಮಟ್ಟಕ್ಕೆ ಇಳಿಯುವವರೆಗೆ ಕೇಳಿ ತಿಳಿದುಕೊಳ್ಳುವುದೇ ಗತಿ.

ಹೇಳಿದ್ದು ಹೊರಗೆ ಹೋಗುವುದಿಲ್ಲವೇ? ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಕಂಪನಿ ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ದಾಟಿಸಿತೆಂದು 2023ರಲ್ಲಿ ಅಲ್ಲಿನ ವ್ಯಾಪಾರ ಆಯೋಗ 78 ಲಕ್ಷ ಡಾಲರ್ ಕಟ್ಟಿಸಿತು. ಬೇಲಿಯೇ ಹೊಲ ಮೇಯ್ದ ಕತೆ. ಮನುಷ್ಯರೇ ಬೇಡ ಎಂಬವರಿಗೆ ಯಂತ್ರಗಳೂ ಇವೆ. ಎಂಐಟಿಯ ವೈಜೆನ್‌ಬಾಮ್ 1966ರಲ್ಲೇ ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಬರೆದು, ಜನ ಅದಕ್ಕೆ ಮನಸ್ಸು ಬಿಚ್ಚಿದ್ದು ಕಂಡು ತಾನೇ ಗಾಬರಿಬಿದ್ದ. ಬೆಂಗಳೂರಲ್ಲಿ ಹುಟ್ಟಿದ ವೈಸಾ ಎಂಬ ಆ್ಯಪ್‌ನಲ್ಲಿ ಮಾತಾಡುವುದು ಒಂದು ಪೆಂಗ್ವಿನ್. ನಡುರಾತ್ರಿ ಎಚ್ಚರವಾದವನಿಗೆ ಪೆಂಗ್ವಿನ್ನಾದರೂ ಆದೀತು. ಆದರೆ ಮರುದಿನ ಅದು, ಡೇರಿಗೆ ಹೋದಿರಾ ಎಂದು ಕೇಳಿದಾಗ ಹೋದೆ ಎಂದು ಸುಳ್ಳು ಹೇಳಲು ನಾಚಿಕೆಯಾಗುವುದಿಲ್ಲವಲ್ಲ, ಅದೇ ತೊಂದರೆ.

ನಾಚಿಕೆಯ ಈ ಬಲ ಗೊತ್ತಿರುವುದು ಮದ್ಯವರ್ಜನ ಶಿಬಿರದವರಿಗೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಈ ಶಿಬಿರಗಳಲ್ಲಿ ಕುಡಿಯುವವರು ಎಂಟು ದಿನ ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಒಟ್ಟಿಗೆ ಇರುತ್ತಾರೆ. ಕೊನೆಗೆ ಹೆಂಡತಿ ಮಕ್ಕಳ ಎದುರು ಪ್ರಮಾಣ, ಹಿಂದಿರುಗಿದ ಮೇಲೆ ಕುಡಿತ ಬಿಟ್ಟವರದೇ ನವಜೀವನ ಸಮಿತಿಯ ಕಾವಲು. ಆನ್‌ಲೈನ್ ಥೆರಪಿ ಗುಟ್ಟನ್ನು ಕಾಯುತ್ತದೆ, ಶಿಬಿರ ಗುಟ್ಟನ್ನು ಒಡೆದು ಊರನ್ನೇ ಸಾಕ್ಷಿ ಮಾಡುತ್ತದೆ. ಎರಡು ತದ್ವಿರುದ್ಧ ದಾರಿಗಳು. ಯಾವುದು ಮೇಲು ಎಂದು ಕೇಳಿದರೆ ಕುಡಿತಕ್ಕೆ ಎರಡನೆಯದು, ಉಳಿದ ಹೆಚ್ಚಿನದಕ್ಕೆ ಮೊದಲನೆಯದು ಎನ್ನುತ್ತೇನೆ. ದಿನವೂ ವಿಪರೀತ ಕುಡಿಯುವವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಆ ಮೊದಲ ವಾರ ವೈದ್ಯರ ಕಣ್ಣೆದುರು ಕಳೆಯಬೇಕು. ಫೋನು ಬೇಕಾಗುವುದು ಅನಂತರದ ತಿಂಗಳುಗಳಲ್ಲಿ, ಮದುವೆ ಮನೆಯಲ್ಲಿ ಗೆಳೆಯರು ಒಂದೇ ಒಂದು ಎಂದಾಗ. ಯಾರೋ ಬೈಯುತ್ತಿರುವ ದನಿ ಕಿವಿಯಲ್ಲಿ ಕೇಳಿಸುವವರಿಗೆ, ಸಾಯುವ ಮಾತಾಡುವವರಿಗೆ, ಬಾಣಂತನದಲ್ಲಿ ಮಂಕಾದವರಿಗೂ ಅಷ್ಟೇ: ಮೊದಲು ಆಸ್ಪತ್ರೆ, ಆಮೇಲೆ ಪರದೆ. 14416ಕ್ಕೆ ಕರೆ ಮಾಡಿದರೆ ಆ ದಾರಿ ತೋರಿಸುತ್ತಾರೆ.

ಹಾಗಾದರೆ ಕೋಣೆಯ ಕೊರತೆಗೆ ಏನು ಮಾಡೋಣ? ನನಗೊಂದು ಆಸೆಯಿದೆ, ಯೋಜನೆ ಎನ್ನುವಷ್ಟು ದೊಡ್ಡದಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಹಲವು ಕಡೆ ಕಂಪ್ಯೂಟರ್ ಬಂದಿದೆ, ಇಂಟರ್ನೆಟ್ ಬಂದಿದೆ, ಗೋಡೆಗೆ ಬಣ್ಣ ಬಂದಿದೆ. ಅಲ್ಲೊಂದು ಮೂಲೆಗೆ ಪ್ಲೈವುಡ್ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಒಳಗೆ ಒಂದು ಕುರ್ಚಿ, ಹೆಡ್‌ಫೋನು ಇಟ್ಟರೆ ಸಾಕು. ಗಂಟೆಗೆ ಒಬ್ಬರು. ಹೆಸರು ಬರೆಸುವ ರಿಜಿಸ್ಟರ್ ಬೇಡ. ಮೇಲ್ವಿಚಾರಕರು ಊರಿನವರೇ ಅಲ್ಲವೇ, ಅವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಗೊತ್ತಾಗುತ್ತದೆ. ಆದರೆ ಅದೇ ಮೂಲೆಯಲ್ಲಿ ಪಹಣಿ ತೆಗೆಸುವವರು, ಕೆಲಸಕ್ಕೆ ಅರ್ಜಿ ಹಾಕುವವರು, ದುಬೈಯಲ್ಲಿರುವ ಮಗನ ಹತ್ತಿರ ಮಾತಾಡುವವರು ಎಲ್ಲ ಬಂದು ಹೋಗುತ್ತಿದ್ದರೆ, ಬಾಗಿಲು ಹಾಕಿಕೊಂಡು ಕೂತವಳು ಯಾರ ಹತ್ತಿರ ಏನು ಮಾತಾಡಿದಳೋ ಹೊರಗಿನವರಿಗೆ ತಿಳಿಯುವಂತಿಲ್ಲ. ಹೋಗುವಾಗ ಕೈಯಲ್ಲಿ ಒಂದು ಕಾದಂಬರಿ ಹಿಡಿದುಕೊಂಡು ಹೋದರೆ ಆಯಿತು, ಪುಸ್ತಕ ಬದಲಾಯಿಸಲು ಬಂದಿದ್ದಳು ಎಂದು ಊರು ಅಂದುಕೊಳ್ಳುತ್ತದೆ.